ಮಗ್ಗದ ಸದ್ದಿನಲ್ಲಿ ಒಪ್ಪಿಗೆ ಕೇಳಿದ ಮಳೆಗಾಲ

ನಮ್ಮ ಪವಿ ಡಾಕ್ಟರಾದಳು! ನಿನ್ನೆ ಬೆಳಗ್ಗೆ ಕೊಯಮತ್ತೂರಿನ ಅವಳ ಕಾಲೇಜಿನ ದೊಡ್ಡ ಹಾಲಿನಲ್ಲಿ, ಪರೀಕ್ಷೆ ಮಾಡೋಕೆ ಬಂದಿದ್ದ ದೊಡ್ಡವರೆಲ್ಲ ಎದ್ದು ನಿಂತು ನನ್ನ ಮೊಮ್ಮಗಳ ಕೈ ಕುಲುಕಿದರು. ನಾನು ಚಪ್ಪಾಳೆ ಹೊಡೆದೆ ನೋಡಿ, ಮುಂದಿನ ಸಾಲಿನವರು ತಿರುಗಿ ನೋಡುವ ಹಾಗೆ ಹೊಡೆದೆ. ನೋಡಲಿ ಬಿಡಿ. ನೂಲು ಹಿಡಿದು ಬದುಕಿದ ನಮ್ಮ ಬೀದಿಯಲ್ಲಿ ಇವಳೇ ಮೊದಲು. "ಜ್ವರಕ್ಕೆ ಮಾತ್ರೆ ಬರೆಯೋ ಡಾಕ್ಟರಲ್ಲ ಅಜ್ಜಿ, ಪುಸ್ತಕ ಬರೆದ ಡಾಕ್ಟರು" ಅಂತ ಪವಿ ಸಾವಿರ ಸಲ ಹೇಳಿದಾಳೆ. ಇರಲಿ, ಬರೆದದ್ದು ಬರೆದದ್ದೇ. ಗಾಂಧಿಪುರಂ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೂ ಹೇಳಿದೆ, ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಅವನು ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, "ಹಾಗಾದ್ರೆ ಪಾಟಿ, ನನ್ನ ಮೊಣಕಾಲು ನೋವಿಗೆ ಒಂದು ಮಾತು ಕೇಳಿ ಹೇಳಿ" ಅಂದ. "ಅವಳದು ಕಿವಿ ಡಿಪಾರ್ಟ್‌ಮೆಂಟಪ್ಪಾ" ಅಂದೆ. ಬಸ್ಸೆಲ್ಲ ನಕ್ಕಿತು.

ನಮ್ಮ ಬೀದಿಯ ಮೂಲೆಯಲ್ಲಿ ಇಳಿದಾಗ ಗಂಜಿ ವಾಸನೆ ಬಂತು. ಹಾಸಿನ ನೂಲಿಗೆ ಹಾಕಿ ಒಣಗಿಸುವ ಗಂಜಿ. ಮಳೆಗಾಲದಲ್ಲಿ ಅದು ಬೇಗ ಒಣಗದೆ ಸ್ವಲ್ಪ ಹುಳಿ ಹಿಡಿದ ವಾಸನೆ ಬರುತ್ತೆ. ಆ ವಾಸನೆ ಮೂಗಿಗೆ ಬಡಿದದ್ದೇ ಪವಿಯ ಓದಿನ ಆ ವರ್ಷದ ಮಳೆಗಾಲವೆಲ್ಲ ಕಣ್ಣ ಮುಂದೆ ಬಂದು ನಿಂತಿತು. ಆ ಮಳೆಗಾಲದಲ್ಲಿ ಇದೆಲ್ಲ ಹೋಗೇಬಿಡ್ತು ಅಂತ ಅಂದುಕೊಂಡಿದ್ದೆವು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಕೊಳ್ಳೇಗಾಲದಲ್ಲಿ. ಮದುವೆಯಾಗಿ ಇಲ್ಲಿ ಕೊಯಮತ್ತೂರಿನ ಪಕ್ಕ ಸೋಮನೂರಿನ ಕಡೆಗೆ ಬಂದೆ. ಈ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಅರ್ಧ ತಮಿಳು ಕಲಸಿದ ಕನ್ನಡ. ಅಕ್ಷರ ಮಾತ್ರ ನನ್ನೊಬ್ಬಳಿಗೇ ಬರೋದು. ನಾನು ಬರೆದದ್ದನ್ನು ನನ್ನ ಮಗ ಕೂಡ ಓದಲಾರ. ಆದರೂ ಇದರಲ್ಲಿ ಎಲ್ಲರ ಹೆಸರನ್ನೂ ಬದಲಿಸಿದೀನಿ. ಪವಿ ಕೂಡ ನಿಜವಾಗಿ ಪವಿ ಅಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನಮ್ಮ ಯಜಮಾನರು ಬಾಳೆಲ್ಲ ವಿದ್ಯುತ್ ಮಗ್ಗದ ಮುಂದೆ ನಿಂತವರು. ಇಲ್ಲಿ ಮಗ್ಗಕ್ಕೆ ತರಿ ಅಂತಾರೆ. ತರಿ ಓಡುವ ಸದ್ದು ಕೇಳಿದವರಿಗೆ ಗೊತ್ತು, ಅದು ಕಿವಿಗೆ ಬೀಳುವುದಲ್ಲ, ಹಲ್ಲಿಗೆ ಬಡಿಯುವುದು. ಕೊನೆಯ ವರ್ಷಗಳಲ್ಲಿ ಅವರಿಗೆ ಮಳೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಅಂಗಳ ಒದ್ದೆಯಾದ ಮೇಲೆಯೇ ಗೊತ್ತಾಗುತ್ತಿತ್ತು. ಚಿಕ್ಕ ಪವಿ ಅವರ ತೊಡೆ ಹತ್ತಿ ಕಿವಿಯೊಳಗೆ "ತಾತಾ" ಅಂತ ಕಿರುಚುತ್ತಿದ್ದಳು. ಅವರು ನಗುತ್ತಿದ್ದರು, ಕೇಳಿಸಿ ಅಲ್ಲ, ಅವಳ ಉಸಿರು ಕಚಗುಳಿ ಇಟ್ಟು. ಅದಕ್ಕೇ ಅವಳು ಕಿವಿಯ ಓದು ಹಿಡಿದಳು. ತರಿ ಇರುವ ಮನೆಗಳಲ್ಲಿ ನೇಯುವವರಿಗೆ ಮಾತ್ರವಲ್ಲ, ಅಡುಗೆ ಮಾಡುವವರಿಗೆ, ಮಲಗುವವರಿಗೆ ಕೂಡ ಕಿವಿ ಎಷ್ಟು ಹೋಗಿದೆ ಅಂತ ನೋಡಬೇಕು ಅಂತ ಹೊರಟಳು. ಹಾಲೆಂಡಿನ ಒಂದು ಯೂನಿವರ್ಸಿಟಿಯವರು ಮಿಷಿನೂ ಕೊಟ್ಟರು, ಖರ್ಚೂ ಕೊಟ್ಟರು, ಜೊತೆಗೆ ತಮ್ಮ ಕಾನೂನನ್ನೂ ಕೊಟ್ಟರು.

ಆ ಕಾನೂನನ್ನು ಪವಿ ನನಗೆ ಹೀಗೆ ಹೇಳಿದಳು. "ಒಬ್ಬರ ವಿಷಯ ಅವರದೇ ಸೊತ್ತಿದ್ದ ಹಾಗೆ ಅಜ್ಜಿ. ಅದರಲ್ಲೂ ಮೈಗೆ, ಕಾಯಿಲೆಗೆ ಸಂಬಂಧಿಸಿದ್ದು ಅಂದರೆ ತುಂಬ ಜೋಪಾನ. ಯಾಕೆ ತಗೋತೀವಿ, ಎಲ್ಲಿಡ್ತೀವಿ, ಎಷ್ಟು ಕಾಲ ಇಡ್ತೀವಿ ಅಂತ ಮೊದಲೇ ಹೇಳಬೇಕು. ಕೊಟ್ಟವರು ನಾಳೆ ಬಂದು ಬೇಡ ಅಂದರೆ ಅಳಿಸಿಬಿಡಬೇಕು."

"ಸೋಮನೂರಿನ ಕಿವಿಗೆ ಯೂರೋಪಿನ ಕಾನೂನು ಯಾಕೆ?" ಅಂತ ನನ್ನ ಮಗ ರಾಮಲಿಂಗು ಕೇಳಿದ.

"ಅವರ ಯೂನಿವರ್ಸಿಟಿ ಕೆಲಸ ಅಪ್ಪಾ, ಅವರ ಕಂಪ್ಯೂಟರಿನಲ್ಲಿ ಇರೋದು. ಯಾವ ಊರಿನವರದಾದರೂ ಅದೇ ಕಾನೂನು."

"ಆ ಕಡೆಯವರೇ ತಿರುಪ್ಪೂರಿನ ಬನಿಯನ್ನು ಕೊಳ್ಳುವಾಗ ಬೆಲೆ ಇಳಿಸು ಇಳಿಸು ಅಂತಾರೆ. ಆಗ ಈ ಅಕ್ಕರೆ ಎಲ್ಲಿರುತ್ತೆ?"

ಪವಿ ಹೆಸರಿನ ಬದಲು ನಂಬರು ಹಾಕುವ ಪಟ್ಟಿ ಮಾಡೋಕೆ ಕೂತಳು. ಹಾಲೆಂಡಿಗೆ ಹೋಗುವ ಕಾಗದದಲ್ಲಿ ಯಾರ ಹೆಸರೂ ಇಲ್ಲ, ಬರೀ ನಂಬರು. ಯಾವ ನಂಬರು ಯಾರು ಅನ್ನೋದು ಬೇರೆ ಕಡೆ, ಕಾಲೇಜಿನ ಬೀರುವಿನಲ್ಲಿ ಬೀಗದೊಳಗೆ. ನೂಲು ಗಂಜಿಗೆ ಕಳಿಸುವಾಗ ಮನೆಯ ಹೆಸರು ಬರೆಯದೆ ಗುರುತಿನ ಚೀಟಿ ಕಟ್ಟಿ ಕಳಿಸೋದಿಲ್ಲವೇ, ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

ಆಡಿ ಗಾಳಿ, ನಮ್ಮ ಆಷಾಢದ ಗಾಳಿ, ಬೀಸುವ ತಿಂಗಳಲ್ಲಿ ಕೆಲಸ ಶುರುವಾಯಿತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆ ಗಾಳಿಗೆ ತಗಡು ಹಾರುತ್ತೆ, ಹಾಸಿನ ನೂಲು ಸಿಕ್ಕು ಬೀಳುತ್ತೆ. ಭಾನುವಾರ ತರಿ ನಿಂತಾಗ ಪವಿ ಮಿಷಿನು ಹೊತ್ತು ಮನೆಮನೆಗೆ ಹೋದಳು. ಕಿವಿಗೆ ಎರಡು ಬಟ್ಟಲಿನಂಥದ್ದು ಇಟ್ಟು, ಮಿಷಿನಿನ ಕೂಗು ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಮೊದಲು ಹೋದದ್ದು ಅಂಗಮ್ಮಾಳ್ ಮನೆಗೆ. ಅವರದು ದೊಡ್ಡ ಮನೆ, ದೊಡ್ಡ ಶೆಡ್ಡು, ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಬೀದಿಯ ಅರ್ಧ ತರಿಗಳಿಗೆ ನೂಲು ಬರುವುದೇ ಆ ಮನೆಯಿಂದ. ಅಂಗಮ್ಮಾಳ್ ಜಗಲಿ ಮೇಲೆ ಕೂತು, "ಆಗಲಿ ಕಣ್ಣು, ನಮ್ಮ ಮನೆಯವರೆಲ್ಲ ಮಾಡಿಸ್ಕೋತಾರೆ, ಮಾಡು" ಅಂದಳು. ಮುದ್ದಿನ ಮಕ್ಕಳನ್ನು ಇಲ್ಲಿ ಕಣ್ಣು ಅಂತ ಕರೀತಾರೆ. ಆಯಿತು. ಒಬ್ಬರ ಹಿಂದೆ ಒಬ್ಬರು ಬಂದು ಕೂತರು, ಕಾಗದಕ್ಕೆ ಸೈನ್ ಹಾಕಿದರು, ಎದ್ದರು. ಉಳಿದ ಮನೆಗಳಲ್ಲೂ ಹಾಗೇ. ನಮ್ಮಲ್ಲಿ ಮನೆಯ ದೊಡ್ಡವರು ಆಗಲಿ ಅಂದರೆ ಆಗಲಿ. ನಮ್ಮ ಮನೆಯಲ್ಲಿ ಆ ಮಾತು ಹೇಳಿದ್ದು ನಾನು. ಪವಿಯ ತಾಯಿ, ನನ್ನ ಸೊಸೆ ಶಾಂತಾಮಣಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು.

ಓದು ಬಾರದವರು ಇದ್ದಾರೆ ಅಂತ ಪವಿ ಒಪ್ಪಿಗೆಯ ಮಾತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಅದನ್ನು ಇಂಗ್ಲಿಷಿಗೆ ಮಾಡಿ ಹಾಲೆಂಡಿಗೆ ಕಳಿಸಿದ್ದಳು. ಸಿಕ್ಕಿಬಿದ್ದದ್ದು ಅಲ್ಲೇ.

ಪುರಟ್ಟಾಸಿ ತಿಂಗಳ, ನವರಾತ್ರಿ ಹತ್ತಿರದ ಒಂದು ಸಂಜೆ ಅವಳು ಮನೆಗೆ ಬಂದಾಗ ಮುಖ ಸುಣ್ಣದ ಗೋಡೆಯಾಗಿತ್ತು. ಚಪ್ಪಲಿ ಬಿಡದೆ ಜಗಲಿಯಲ್ಲೇ ಕೂತಳು. ಹಾಲೆಂಡಿನಲ್ಲಿ ಈ ಕಾನೂನು ನೋಡಿಕೊಳ್ಳುವ ಒಬ್ಬ ಹೆಂಗಸು ಬರೆದಿದ್ದಳಂತೆ: ಪ್ರತಿ ಮನೆಯಲ್ಲೂ ಹೂಂ ಅಂದಿರುವುದು ಒಂದೇ ದನಿ, ಉಳಿದವರ ಬಾಯಿ ಎಲ್ಲಿ? ಇನ್ನೊಬ್ಬರು ಹೇಳಿದ ಹೂಂ ಒಪ್ಪಿಗೆ ಅಲ್ಲ. ಎಲ್ಲವನ್ನೂ ಮುಚ್ಚಿಟ್ಟಿದೀವಿ, ಯಾರೂ ತೆರೆದು ನೋಡುವ ಹಾಗಿಲ್ಲ. ಒಬ್ಬೊಬ್ಬರನ್ನೂ ಅವರೊಬ್ಬರೇ ಇರುವಾಗ ಮತ್ತೆ ಕೇಳಿ. ಬೇಡ ಅಂದವರದನ್ನು ಅಳಿಸಿ. ಯಾಕೆ ಬೇಡ ಅಂತ ಕೇಳಬೇಡಿ. ದೀಪಾವಳಿ ಕಳೆದು ಬರುವ ಕಾರ್ತಿಗೆ ದೀಪದ ಹೊತ್ತಿಗೆ ಮುಗಿಯದಿದ್ದರೆ ಎಲ್ಲವನ್ನೂ ಅಳಿಸಬೇಕಾಗುತ್ತೆ.

"ಎಲ್ಲಾನೂ ಅಂದರೆ?" ಅಂದೆ.

"ಎಲ್ಲಾನೂ ಅಂದರೆ ಎಲ್ಲಾನೂ ಅಜ್ಜಿ. ನನ್ನ ಡಾಕ್ಟರ್ ಪಟ್ಟಾನೂ."

ರಾಮಲಿಂಗು ಸಿಟ್ಟಾದ. "ಸೈನ್ ಇದೆಯಲ್ಲ? ಯಾರಾದರೂ ಕತ್ತಿಗೆ ಚಾಕು ಇಟ್ಟು ಹಾಕಿಸಿದರಾ?"

ಪವಿ ತಲೆ ತಗ್ಗಿಸಿಕೊಂಡೇ ಹೇಳಿದಳು. "ಅವರು ಹೇಳೋದು ಸರಿ ಅಪ್ಪಾ. ಹೊರಗಿನಿಂದ ಯಾರಾದರೂ ಬಂದಿದ್ದರೆ ಒಬ್ಬೊಬ್ಬರನ್ನೇ ಕೇಳ್ತಿದ್ದರು. ನಾನು ಇದೇ ಬೀದಿಯವಳು. ಅಂಗಮ್ಮಾಳ್ ಪಾಟಿ ಆಗಲಿ ಅಂದ ಮೇಲೆ ಇನ್ನೂ ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ."

ಮಾರನೇ ದಿನ ಆ ಹೆಂಗಸು ಫೋನಿನ ತೆರೆಯಲ್ಲಿ ಬಂದಳು. ಬೆಳ್ಳಿ ಕೂದಲು, ಕತ್ತಿಗೆ ಒಂದು ಶಾಲು, ನಗುಮುಖ. ನಾನೂ ಪಕ್ಕದಲ್ಲಿ ಕೂತೆ. ಶಾಂತಾಮಣಿ ಅಲ್ಲೇ ನೆಲದ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ನಮ್ಮ ಪದ್ಧತಿ ಹೇಳಿ ಅವಳನ್ನು ಒಲಿಸಿಕೊಳ್ಳೋಣ ಅಂತ ನಾನು, "ನಮ್ಮಲ್ಲಿ ಬಾಯಿ ಬಿಟ್ಟು ಹೇಳೋದು ಕಮ್ಮಿ ತಾಯಿ. ಊಟದ ಎಲೆ ಮುಂದೆ ಕೂತವರು ಬೇಡ ಬೇಡ ಅಂದರೆ ಇನ್ನೊಂದು ಬಡಿಸು ಅಂತ ಅರ್ಥ. ಬಡಿಸದಿದ್ದರೆ ಬೇಜಾರಾಗುತ್ತೆ" ಅಂದೆ. ಪವಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬೆಳ್ಳಿ ಕೂದಲಿನವಳು ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಕೇಳಿದಳು.

"ಏನಂತೆ?"

"ಹಾಗಾದರೆ, ನಿಜವಾಗಿ ಬೇಡ ಅನ್ನಬೇಕಾದವರು ನಿಮ್ಮಲ್ಲಿ ಏನಂತಾರೆ, ಅಂತ ಕೇಳ್ತಿದಾರೆ."

ಹೆಚ್ಚುತ್ತಿದ್ದ ಚಾಕುವಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಗಿ, ಸಂಜೆ ಒಂದೇ ಸಮನೆ ಸುರಿದು, ಬೀದಿಯ ಕಾಲುವೆ ಬಣ್ಣದ ನೀರು ಕಕ್ಕುತ್ತಿತ್ತು. ದೀಪಾವಳಿಗೆ ಸರಕು ಕೊಡಬೇಕಾದ ಹೊತ್ತು. ಭಾನುವಾರವೂ ಇಲ್ಲದೆ ತರಿಗಳು ಓಡುತ್ತಿದ್ದವು. ಆ ಗದ್ದಲದಲ್ಲಿ ಪವಿ ಮತ್ತೆ ಅಂಗಮ್ಮಾಳ್ ಜಗಲಿಗೆ ಹೋಗಿ, ನಿಮ್ಮ ಸೊಸೆಯರನ್ನು ಒಬ್ಬೊಬ್ಬರನ್ನೇ ಕೇಳಬೇಕು ಪಾಟಿ ಅಂದಳು. ನಾನೂ ಜೊತೆಗಿದ್ದೆ.

ಅಂಗಮ್ಮಾಳ್ ಎಲೆಯಡಿಕೆ ಉಗುಳಿ ಬಂದು ಕೂತಳು. "ನಾನು ಹೇಳಿದ ಮೇಲೆ ಇನ್ನೇನಡೀ ಕೇಳೋದು? ನನ್ನ ಮಾತು ಮಾತಲ್ಲವಾ?"

"ಹಾಗಲ್ಲ ಪಾಟಿ, ಕಾನೂನು..."

"ಯಾರ ಕಾನೂನು? ಕಿವಿ ನಮ್ಮದು, ತರಿ ನಮ್ಮದು, ಸೊಸೆ ನಮ್ಮವಳು. ಏ ಕೊಳ್ಳೇಗಾಲ, ನಿನ್ನ ಮೊಮ್ಮಗಳಿಗೆ ನೀನು ಕಲಿಸಿದ್ದು ಇದೇನಾ? ಅತ್ತೆನ ಹೊರಗೆ ಕಳಿಸಿ ಸೊಸೆನ ವಿಚಾರಿಸೋದು?"

ಬಂದು ಇಷ್ಟು ಕಾಲವಾದರೂ ನಾನು ಅವಳಿಗೆ ಕೊಳ್ಳೇಗಾಲವೇ. ನಾವು ತಿರುಗಿ ಬರುವಷ್ಟರಲ್ಲಿ ಬೀದಿಯಲ್ಲಿ ಮಾತು ಎದ್ದಿತು. ಪರದೇಶದವರು ಲೆಕ್ಕ ತಗೊಂಡು ಮನೆಯೊಳಗೆ ತರಿ ಓಡಿಸಬಾರದು ಅಂತ ಮಾಡ್ತಾರಂತೆ. ಸೊಸೆಯರನ್ನು ಗುಟ್ಟಾಗಿ ಕರೆದು ಮನೆ ಸುದ್ದಿ ಕೇಳ್ತಾರಂತೆ. ಅಂಗಮ್ಮಾಳ್ ಮನೆಯ ನೂಲು ನೇಯುವವರು ಅಂಗಮ್ಮಾಳ್ ಮುಚ್ಚಿದ ಬಾಗಿಲನ್ನು ತಾವು ತೆರೆಯುತ್ತಾರೆಯೇ? ಪವಿಯನ್ನು ಕಂಡರೆ ಚಿಕ್ಕಮ್ಮಂದಿರು ಕೊಡೆ ಅಡ್ಡ ಹಿಡಿದು ಹೋಗತೊಡಗಿದರು. ಅವಳನ್ನು ಎತ್ತಿ ಆಡಿಸಿದವರೇ ಅವರು. ಪವಿ ತಟ್ಟೆಯ ಮುಂದೆ ಕೂತು ಅನ್ನವನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದಳು.

ದಾರಿ ಕಂಡದ್ದು ನಮ್ಮ ಶೆಡ್ಡಿನಲ್ಲಿ. ತರಿ ಓಡುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಅದಕ್ಕೇ ತರಿ ಮನೆಯ ಹೆಂಗಸರು ದನಿ ತೆಗೆಯದೆ ತುಟಿ ಆಡಿಸಿ ಮಾತಾಡ್ತೀವಿ, ತುಟಿ ನೋಡಿ ತಿಳಕೋತೀವಿ. ಶಾಂತಾಮಣಿ ಆ ಕಡೆಯ ತರಿಯಿಂದ ಮಗಳಿಗೆ ಕಾಫಿ ಕುಡಿದೆಯಾ ಅಂತ ತುಟಿಯಲ್ಲಿ ಕೇಳಿದಳು. ಪವಿ ಉತ್ತರ ಹೇಳದೆ ಸುಮ್ಮನೆ ತಾಯಿಯ ಬಾಯಿ ನೋಡುತ್ತ ನಿಂತುಬಿಟ್ಟಳು. ಆಮೇಲೆ ಓಡಿ ಬಂದು ನನ್ನ ಭುಜ ಹಿಡಿದಳು. "ಅಜ್ಜಿ! ಶೆಡ್ಡಿನೊಳಗೆ ಕೇಳಿದರೆ? ತರಿ ಓಡುವಾಗ ಜಗಲಿಗೆ ಏನು ಕೇಳಿಸುತ್ತೆ?"

ಏನೂ ಕೇಳಿಸಲ್ಲ. ಕಿವಿ ತಿಂದ ಸದ್ದೇ ಈಗ ಗೋಡೆಯಾಗಿ ನಿಲ್ಲುತ್ತೆ ಅಂದರೆ ನಿಲ್ಲಲಿ ಅಂದೆ.

ಪವಿ ಹೀಗೆ ಮಾಡ್ತೀನಿ ಅಂತ ಬರೆದು ಕಳಿಸಿದಳು. ಮನೆಭಾಷೆಯಲ್ಲಿ ವಿವರಿಸಬೇಕು, ತಮಿಳಿನ ಕಾಗದ ಕೈಯಲ್ಲಿರಬೇಕು, ಸುತ್ತ ಯಾರೂ ನಿಂತಿರಬಾರದು, ಆಮೇಲೆ ಮನಸ್ಸು ಬದಲಾದರೆ ಹೇಳೋಕೆ ಒಂದು ಫೋನ್ ನಂಬರು ಕೊಡಬೇಕು, ಹಾಗಿದ್ದರೆ ಆಗಲಿ ಅಂತ ಬೆಳ್ಳಿ ಕೂದಲಿನವಳು ಒಪ್ಪಿದಳು. ಇನ್ನೊಂದು ಮಾತೂ ಹೇಳಿದಳು. ನಿನ್ನ ಸ್ವಂತ ಮನೆಯವರನ್ನು ನೀನು ಕೇಳಬೇಡ, ನಿನ್ನ ಮುಖ ನೋಡಿ ಅವರು ಬೇಡ ಅನ್ನಲಾರರು. ಅದಕ್ಕೆ ಪವಿಯ ಜೊತೆ ಓದುವ ಸೆಲ್ವಿ ಬರಬೇಕಾಯಿತು, ತೊಂಡಾಮುತ್ತೂರಿನ ಹುಡುಗಿ.

ನನಗೂ ಒಂದು ಕೆಲಸ ಕೊಟ್ಟರು. ಅತ್ತೆಯಂದಿರನ್ನು ಜಗಲಿಯಲ್ಲಿ ಕೂರಿಸಿಕೊಳ್ಳುವುದು.

"ನೀನು ಏನೂ ಕೇಳಬಾರದು ಅಜ್ಜಿ, ಏನೂ ಕೇಳಿಸ್ಕೋಬಾರದು."

"ನನ್ನ ಕಿವಿ ನೀನೇ ನೋಡಿದೀಯಲ್ಲ, ಹೆದರಬೇಡ."

ದೊಡ್ಡ ಮನೆಯ ನೂಲಿಗೆ ಕಾಯದ, ಬೇರೆ ಕಡೆಯಿಂದ ನೂಲು ತರುವ ಕೆಲವು ಮನೆಗಳು ಇದ್ದವು. ಅಲ್ಲಿಂದ ಶುರು ಮಾಡಿದೆವು. ಮಳೆ ಸುರಿಯುತ್ತಿತ್ತು, ಒಳಗೆ ತರಿ ಬಡಿಯುತ್ತಿತ್ತು. ಜಗಲಿಯಲ್ಲಿ ನಾನು ಮೊಣಕಾಲು, ಮದುವೆ, ಸತ್ತವರು, ಹುಟ್ಟಿದವರು, ಬಾಯಿ ಒಣಗುವ ತನಕ ಮಾತಾಡಿದೆ. ನನ್ನ ಕಣ್ಣು ಒಳಗೆ ಹೋಗದ ಹಾಗೆ ಹಿಡಿದುಕೊಳ್ಳುವುದೇ ದೊಡ್ಡ ಕಷ್ಟ. ಪವಿ ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಬರೆದಿರುತ್ತಿರಲಿಲ್ಲ.

"ಹೂಂ ಅಂದರಾ?"

"ಅಜ್ಜೀ!"

"ಸರಿ ಸರಿ, ಬಿಡು."

ನಮ್ಮ ಮನೆಗೆ ಸೆಲ್ವಿ ಬಂದ ದಿನ ನಾನು ಶೆಡ್ಡಿಗೆ ಎದುರಾದ ಅಡುಗೆಮನೆ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅಲ್ಲಿ ಕೂರಬಾರದು ಅಂತ ನನಗೆ ಹೊಳೆಯಲಿಲ್ಲ, ಅದು ನಾನು ದಿನಾ ಕೂರುವ ಜಾಗ. ತಲೆ ಎತ್ತಿದೆ. ತರಿಗಳ ಆಚೆ, ಟ್ಯೂಬ್‌ಲೈಟಿನ ಕೆಳಗೆ, ಶಾಂತಾಮಣಿಯ ಮುಖ ನೇರ ನನ್ನ ಕಡೆಗೇ ಇತ್ತು, ಕಣ್ಣು ಮಾತ್ರ ಸೆಲ್ವಿಯ ಮೇಲೆ. ಸೆಲ್ವಿ ಪೆನ್ನು ಚಾಚಿದಳು. ಶಾಂತಾಮಣಿಯ ತುಟಿ ಅಲ್ಲಾಡಿತು. ತಮಿಳಿನಲ್ಲಿ ಹೇಳಿದಳು, ವೇಂಡಾಂ. ಬೇಡ. ಸೆಲ್ವಿ ಏನೋ ಕೇಳಿದಳು, ಸರಿಯಾಗಿ ತಿಳಿದುಕೊಳ್ಳೋಕೆ ಇರಬೇಕು. ಶಾಂತಾಮಣಿ ಇನ್ನೊಂದು ಸಲ ಅದನ್ನೇ ಹೇಳಿ, ಪೆನ್ನನ್ನು ಮೆಲ್ಲಗೆ ಅವಳ ಕೈಗೇ ವಾಪಸ್ ಇಟ್ಟಳು. ತಿರುಗಿ, ಕಡಿದ ಒಂದು ಎಳೆಯನ್ನು ಗಂಟು ಹಾಕಿ, ತರಿ ಓಡಿಸಿದಳು.

ನನ್ನ ಮಡಿಲಿನ ಅವರೆಕಾಳು ನೆಲದ ಮೇಲೆಲ್ಲ ಹರಡಿತು.

ಹೆತ್ತ ಮಗಳ ಓದಿಗೆ ತಾಯಿ ಬೇಡ ಅನ್ನುವುದೇ? ಇದು ಹೊರಗೆ ಹೋದರೆ ಮುಗಿಯಿತು, ತಾಯಿಯೇ ಒಪ್ಪಲಿಲ್ಲ ಅಂದ ಮೇಲೆ ಬೀದಿಯಲ್ಲಿ ಯಾರು ಒಪ್ಪುತ್ತಾರೆ? ಆ ಸಂಜೆ ಅವಳು ನನಗೆ ಅನ್ನ ಬಡಿಸುವಾಗ ಯಾಕೆ ಅನ್ನುವ ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ಎಷ್ಟು ವರ್ಷ ಈ ಹೊಸ್ತಿಲಲ್ಲಿ ಕೂತು ಅವಳ ತುಟಿ ನೋಡಿದೀನಿ! ಉಪ್ಪು ಬೇಕಾ ಅತ್ತೆ, ನೀರು ಬಂತು ಅತ್ತೆ, ಸರಿ ಅತ್ತೆ. ಬೇಡ ಅನ್ನುವ ಆಕಾರದಲ್ಲಿ ಆ ತುಟಿಯನ್ನು ನಾನು ನೋಡಿರಲೇ ಇಲ್ಲ. ಅದನ್ನು ಅವಳು ಮೊದಲು ಹೇಳಿದ್ದು ಆವತ್ತೇ ಕಂಡ ಒಬ್ಬ ಹುಡುಗಿಗೆ. ಫೋನಿನ ತೆರೆಯಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು. ನಿಜವಾಗಿ ಬೇಡ ಅನ್ನಬೇಕಾದವರು, ಕೇಳುವವರು ಬರುವ ತನಕ ಸುಮ್ಮನಿರುತ್ತಾರೆ.

ನಾನು ಅನ್ನ ನುಂಗಿದೆ. ಮಾತನ್ನೂ ನುಂಗಿದೆ.

ಅದಾಗಿ ಸ್ವಲ್ಪ ದಿನಕ್ಕೆ ಮಳೆ ಜೋರಾಗಿ ಹೊಡೆದಾಗ ಅಂಗಡಿ ಸೂರಿನ ಕೆಳಗೆ ನಾವು ಹೆಂಗಸರೆಲ್ಲ ನಿಂತಿದ್ದೆವು. ಅಂಗಮ್ಮಾಳೂ ಇದ್ದಳು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಏ ಕೊಳ್ಳೇಗಾಲ, ಊರ ಸೊಸೆಯರನ್ನೆಲ್ಲ ಕೇಳಿದ್ದಾಯ್ತಲ್ಲ, ನಿನ್ನ ಸೊಸೆ ಸೈನ್ ಹಾಕಿದಳಾ?"

ಎಲ್ಲರ ಮುಖ ನನ್ನ ಕಡೆ ತಿರುಗಿತು. ಹೂಂ ಅಂದರೆ ಸುಳ್ಳು. ಇಲ್ಲ ಅಂದರೆ ಪವಿಯ ಕತೆ ಅಲ್ಲೇ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಶಾಂತಾಮಣಿ ಅಷ್ಟು ಸದ್ದಿನ ನಡುವೆ ಜೋಪಾನವಾಗಿ ಇಟ್ಟದ್ದನ್ನು ಅಂಗಡಿ ಮುಂದೆ ಬಿಚ್ಚಿ ಹಾಕಿದ ಹಾಗೆ.

"ಅದು ನಾನು ಹೇಳೋದಲ್ಲ ಅಂಗಮ್ಮಾ" ಅಂದೆ.

"ನಿನ್ನ ಸೊಸೆ ವಿಷಯ ನೀನು ಹೇಳಲ್ಲವಾ?"

"ಹೇಳಲ್ಲ. ನೀನು ನಾಳೆ ಶೆಡ್ಡಿನ ಒಳಗೆ ಹೋಗಿ ಹೂಂ ಅಂದರೂ ಇಲ್ಲ ಅಂದರೂ ಅದನ್ನೂ ಹೇಳಲ್ಲ. ನಿನ್ನ ಮಕ್ಕಳು ಬಂದು ಕೇಳಿದರೂ ಹೇಳಲ್ಲ."

"ಓಹೋಹೋ! ಕೊಳ್ಳೇಗಾಲ ಹೋಗಿ ಹಾಲೆಂಡ್ ಆಯ್ತಾ?" ಅಂದಳು. ಹೆಂಗಸರೆಲ್ಲ ನಕ್ಕರು. ನಾನು ಮಳೆಯಲ್ಲೇ ಇಳಿದು ನಡೆದೆ. ಕೆಲಸ ಕೆಡಿಸಿಬಿಟ್ಟೆ ಅಂತಲೇ ಅಂದುಕೊಂಡೆ.

ಮಾರನೇ ದಿನ ಬೆಳಗ್ಗೆ ಅಂಗಮ್ಮಾಳ್ ಒಬ್ಬಳೇ ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ. "ಯಾರಿಗೂ ಹೇಳಲ್ಲವಾ? ನನ್ನ ಮಕ್ಕಳಿಗೂ?" ಅಂದಳು. ನಿನ್ನೆಯ ದನಿಯೇ ಅಲ್ಲ ಅದು. "ನಿನ್ನ ಹುಡುಗಿನ ಕರಿ" ಅಂದಳು.

ಪವಿ ಅವಳನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋದಳು. ಈ ಸಲ ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಅವಳು ಏನು ಕೇಳಿದಳು, ಏನು ಹೇಳಿದಳು, ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಹೊರಗೆ ಬಂದವಳು ನನ್ನ ಕೈ ಮೇಲೆ ಒಂದು ಸಲ ಕೈ ಇಟ್ಟು, ಕೊಡೆ ಬಿಚ್ಚಿ ಹೋದಳು.

ಅದೇ ಮಧ್ಯಾಹ್ನ ಅವಳ ಮನೆಯ ಗೇಟು ತೆರೆಯಿತು. ಜಗಲಿ ಕಾಯುವ ಕೆಲಸಕ್ಕೆ ನಾನು ಹೋದರೆ ಅಲ್ಲಿ ಯಾರೂ ಇರಲಿಲ್ಲ. ಅಂಗಮ್ಮಾಳ್ ಆಚೆ, ಗೇಟಿನ ಹೊರಗೆ, ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಬೆನ್ನು ಮಾಡಿ ನಿಂತಿದ್ದಳು. ದೊಡ್ಡ ಮಗ ಒಳಗೆ ಹೋಗಲು ಬಂದ. "ನಿಲ್ಲೋ" ಅಂದಳು, "ಒಳಗೆ ಅವರನ್ನ ಕೇಳ್ತಿದಾರೆ." ಅವನೂ ಮಳೆಯಲ್ಲೇ ನಿಂತ.

ಅದರ ಮೇಲೆ ಬೀದಿಯ ಬಾಗಿಲುಗಳು ಒಂದೊಂದೇ ತೆರೆದವು. ಕಾರ್ತಿಗೆ ದೀಪದ ದಿನ ನಾನು ಜಗಲಿಯಲ್ಲಿ ಹಣತೆಗೆ ಎಣ್ಣೆ ಹಾಕುತ್ತಿದ್ದಾಗ ಪವಿ ಫೋನು ಹಿಡಿದುಕೊಂಡು ಓಡಿ ಬಂದಳು. ಹಾಲೆಂಡಿನವರು ಬೀಗ ತೆಗೆದಿದ್ದರು. ಬೇಡ ಅಂದವರದು ಅಳಿಸಿಹೋಗಿತ್ತು, ಉಳಿದದ್ದು ಸಾಕಾಗುವಷ್ಟಿತ್ತು. ಶಾಂತಾಮಣಿ ಮಗಳ ಮುಖ ಹಿಡಿದು ಮುತ್ತಿಟ್ಟಳು. ನನ್ನ ಕಡೆ ಒಂದು ಸಲ ನೋಡಿದಳು. ನಾನು ಬತ್ತಿ ಸರಿಮಾಡಿದೆ.

ಆಮೇಲೆ ಅವಳು ಪುಸ್ತಕ ಬರೆದದ್ದು, ತಿದ್ದಿದ್ದು, ಮತ್ತೆ ಬರೆದದ್ದು ದೊಡ್ಡ ಕತೆ. ನಿನ್ನೆ ಕಾಲೇಜಿನ ಹಾಲ್‌ನಲ್ಲಿ ಪರೀಕ್ಷೆಯವರಲ್ಲಿ ಒಬ್ಬರು, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಕೆಲವು ಮನೆಗಳಲ್ಲಿ ಕೆಲವರು ಬಿಟ್ಟುಹೋಗಿದ್ದಾರಲ್ಲ, ಯಾಕೆ?" ಅಂತ ತಮಿಳಿನಲ್ಲಿ ಕೇಳಿದರು. ಪವಿ ತಡವರಿಸದೆ ಹೇಳಿದಳು: "ಅವರು ಬೇಡ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ." ಪಕ್ಕದಲ್ಲಿ ಶಾಂತಾಮಣಿಯ ಕೈ ನನ್ನ ಕೈ ಹಿಡಿಯಿತು. ಬಿಗಿಯಾಗಿ. ಆಗ ಗೊತ್ತಾಯಿತು, ನನಗೆ ಗೊತ್ತು ಅನ್ನೋದು ಅವಳಿಗೂ ಗೊತ್ತಿತ್ತು. ತುಟಿ ಓದುವವರ ಮನೆಯಲ್ಲಿ ಬೇರೆ ಹೇಗಿರುತ್ತೆ?

ಬರುವಾಗ ಬಸ್ಸಿನಲ್ಲಿ ಅವಳೇ ಮಗಳಿಗೆ ಹೇಳಿದಳು. "ಆ ಪುಸ್ತಕದಲ್ಲಿ ನಾನಿಲ್ಲ ಕಣ್ಣು." ಪವಿ "ಯಾಕಮ್ಮಾ" ಅನ್ನೋಕೆ ಹೋಗಿ, ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ತಾಯಿ ಮಗಳು ಇಬ್ಬರೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಇದನ್ನು ಬರೆಯಲಾ ಅಂತ ನಾನು ಶಾಂತಾಮಣಿಯನ್ನು ಕೇಳಿದೆ. "ಬರೀರಿ ಅತ್ತೆ, ಹೆಸರು ಹಾಕಬೇಡಿ. ಯಾಕೆ ಬೇಡ ಅಂದೆ ಅಂತಲೂ ಬರೀಬೇಡಿ" ಅಂದಳು.

"ಅದು ನನಗೇ ಗೊತ್ತಿಲ್ಲವಲ್ಲೇ?"

"ಅದಕ್ಕೇ ಧೈರ್ಯವಾಗಿ ಬರೀರಿ ಅಂದದ್ದು."

ನಿನ್ನೆ ಸಂಜೆ ತರಿಗಳನ್ನೆಲ್ಲ ನಿಲ್ಲಿಸಿದೆವು. ತುಡಿಯಲೂರಿನಿಂದ ನನ್ನ ಮಗಳು ಅಳಿಯ ಮಕ್ಕಳು ಬಂದರು. ಸೆಲ್ವಿ ತೊಂಡಾಮುತ್ತೂರಿನಿಂದ ಬಾಳೆಗೊನೆ ಹೊತ್ತು ಬಂದಳು, ಅವಳೂ ಈಗ ಮನೆಯವಳೇ. ಶೆಡ್ಡಿನಲ್ಲೇ ತರಿಗಳ ನಡುವಿನ ಓಣಿಯಲ್ಲಿ ಎಲೆ ಹಾಕಿದೆವು. ಅಷ್ಟು ಸುಮ್ಮನಿದ್ದ ಶೆಡ್ಡಿನಲ್ಲಿ ಎಲೆಗೆ ನೀರು ಚಿಮುಕಿಸುವ ಸದ್ದು ಕೂಡ ಕೇಳುತ್ತಿತ್ತು. ಬಡಿಸುತ್ತೀನಿ ಅಂತ ನಿಂತ ಶಾಂತಾಮಣಿಯನ್ನು ಭುಜ ಹಿಡಿದು ಪವಿಯ ಪಕ್ಕ ಕೂರಿಸಿ, ಸೌಟು ನಾನು ತಗೊಂಡೆ. ಅನ್ನ, ಅವರೆಕಾಳು ಸಾರು, ಬದನೆಕಾಯಿ ಪಲ್ಯ, ತಟ್ಟೆ ತುಂಬ ಬಿಸಿ ಒಬ್ಬಟ್ಟು.

ಎರಡನೇ ಸುತ್ತು ಒಬ್ಬಟ್ಟು ತಂದೆ. ರಾಮಲಿಂಗು ಬೇಡ ಬೇಡ ಅಂದ, ಎರಡು ಹಾಕಿದೆ. ಅಳಿಯ ಎಲೆಗೆ ಕೈ ಅಡ್ಡ ಹಿಡಿದ, ಕೈ ಮೇಲೇ ಹಾಕಿದೆ. ಶಾಂತಾಮಣಿಯ ಎಲೆಗೆ ಬಂದೆ.

"ಬೇಡ ಅತ್ತೆ" ಅಂದಳು.

ನನ್ನ ಕೈ ಅಲ್ಲೇ ನಿಂತುಹೋಯಿತು. ಒಬ್ಬಟ್ಟಿನಿಂದ ತುಪ್ಪ ತೊಟ್ಟು ತೊಟ್ಟಾಗಿ ಎಲೆಯ ಅಂಚಿಗೆ ಬೀಳುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ತಿನ್ನುವುದು ಬಿಟ್ಟು ನಮ್ಮನ್ನು ನೋಡಿದರು. ನಾನು ಬಗ್ಗಿ ಅವಳ ಮುಖ ನೋಡಿದೆ.

"ಇದು ಯಾವ ಬೇಡ, ಶಾಂತಾ?"

ಅವಳು ಎಲೆ ನೋಡಿದಳು, ಒಬ್ಬಟ್ಟು ನೋಡಿದಳು, ಅವಸರ ಮಾಡಲಿಲ್ಲ. "ಇದು ಎಲೆ ಮುಂದಿನ ಬೇಡ ಅತ್ತೆ" ಅಂದಳು, "ಹಾಕಿ."

ಹಾಕಿದೆ. ಶೆಡ್ಡೆಲ್ಲ ನಗುವಿನಿಂದ ತುಂಬಿಹೋಯಿತು. ಅಷ್ಟರಲ್ಲಿ ಪವಿ ನನ್ನ ಕೈಯಿಂದ ತಟ್ಟೆ ಕಸಿದುಕೊಂಡು ನನ್ನನ್ನು ಅವರಿಬ್ಬರ ನಡುವೆ ಕೂರಿಸಿದಳು. ನನಗೆ ಹೊಟ್ಟೆ ತುಂಬಿದೆ, ನಿಜವಾಗಿಯೂ ಬೇಡ ಅಂತ ಹೇಳುತ್ತಲೇ ಇದ್ದೆ. ಶಾಂತಾಮಣಿ ನನ್ನ ಎಲೆಗೆ, ಒಂದು ಮಾತೂ ಕೇಳದೆ, ಎರಡು ಒಬ್ಬಟ್ಟು ಹಾಕಿದಳು.